ಕಲ್ಲಿನ ಮೇಲೊಂದು, ಹುಲ್ಲಿನ ಮೇಲೊಂದು



ಹೋದ ಸಂಚಿಕೆಯಲ್ಲಿ ಹುಣಸೆಹಣ್ಣನ್ನು ವರ್ಷವಿಡೀ ಹುಳು ಬೀಳದಂತೆ ಇಡುವ ಬಗೆ ಬರೆದಿದ್ದೆ. ಈ ಸಲವೂ ಹುಣಸೆ ಮರದ ಕೆಳಗಿನ ಸಮಾಚಾರವೇ. ಆದರೆ ಹಣ್ಣಿನದ್ದಲ್ಲ, ಹಕ್ಕಿಮರಿಯದು. ಅದರ ಜತೆಗೆ ನಮ್ಮ ಮನೆಯ ಕೂಸಿನದು. ಅಡುಗೆಮನೆಯವಳು ವಿಜ್ಞಾನ ಹೇಳಲು ಹೊರಟಳಲ್ಲ ಎಂದು ನಗಬೇಡಿ. ಓದಿದ ಮೇಲೆ ನಿಮಗೂ ಒಂದು ಕೆಲಸ ಹಚ್ಚುತ್ತೇನೆ.

ನಮ್ಮೂರು ಕೊಕ್ಕರೆ ಬೆಳ್ಳೂರು. ಮದ್ದೂರು ತಾಲ್ಲೂಕು, ಶಿಂಷಾ ಹೊಳೆಗೆ ಹತ್ತಿರ. ಚಳಿಗಾಲ ಬಂತೆಂದರೆ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಊರೊಳಗಿನ ಮರಗಳಿಗೇ ಬಂದು ಗೂಡು ಕಟ್ಟುತ್ತವೆ. ಕಾಡಿನಲ್ಲಲ್ಲ, ನಮ್ಮ ಹಿತ್ತಿಲಿನಲ್ಲಿ, ನಮ್ಮ ಸೂರಿನ ಪಕ್ಕದಲ್ಲಿ! ಮಳೆಗಾಲ ಶುರುವಾಗುವ ಹೊತ್ತಿಗೆ ಮರಿಗಳನ್ನು ಕಟ್ಟಿಕೊಂಡು ಹೊರಡುತ್ತವೆ. ತವರಿಗೆ ಬಾಣಂತನಕ್ಕೆ ಬಂದ ಹೆಣ್ಣುಮಕ್ಕಳು ಎಂದೇ ನಮ್ಮ ಹಿರಿಯರು ಅವುಗಳನ್ನು ಕರೆಯುತ್ತಿದ್ದರು. ಅವುಗಳ ಹಿಕ್ಕೆ ಬಿದ್ದ ಮಣ್ಣು ಹೊಲಕ್ಕೆ ಒಳ್ಳೆಯ ಗೊಬ್ಬರ. ವಾಸನೆ ಇರುತ್ತದೆ, ನಿಜ. ಹೆತ್ತ ಮಗಳು ಬಾಣಂತನಕ್ಕೆ ಬಂದಾಗ ಮನೆಯಲ್ಲಿ ವಾಸನೆ ಇರುವುದಿಲ್ಲವೇ? ಹಾಗೆಂದು ಯಾರಾದರೂ ಮಗಳನ್ನು ಬೇಡವೆನ್ನುತ್ತಾರೆಯೇ?

ಮರಿಗಳು ದೊಡ್ಡವಾದಂತೆ ಗೂಡು ಸಾಲುವುದಿಲ್ಲ. ತಾಯಿ ತಂದ ಮೀನಿಗಾಗಿ ಒಂದನ್ನೊಂದು ನೂಕಾಡುತ್ತವೆ, ಗಾಳಿ ಬೀಸುತ್ತದೆ, ಒಂದೊಂದು ಕೆಳಗೆ ಬೀಳುತ್ತದೆ. ಬಿದ್ದು ಬದುಕಿದ ಮರಿಯನ್ನು ಸಾಕುವ ಹುಡುಗರು ನಮ್ಮೂರಲ್ಲಿದ್ದಾರೆ. 1994ರಲ್ಲಿ ಹುಟ್ಟಿದ ಹೆಜ್ಜಾರ್ಲೆ ಬಳಗದವರು ಅಂಥ ಮರಿಗಳನ್ನು ಬೇಲಿ ಹಾಕಿದ ಜಾಗದಲ್ಲಿಟ್ಟು ಮೀನು ತಿನ್ನಿಸಿ, ರೆಕ್ಕೆ ಬಲಿತ ಮೇಲೆ ಬಿಡುತ್ತಾ ಬಂದರು. 2007ರಲ್ಲಿ ನಮ್ಮೂರು ಸಮುದಾಯ ಮೀಸಲು ಪ್ರದೇಶವೂ ಆಯಿತು. ಇಷ್ಟೆಲ್ಲಾ ಏಕೆ ಹೇಳಿದೆನೆಂದರೆ, ನಮ್ಮೂರ ಹೆಂಗಸರಿಗೆ ಮರಿ ಬೀಳುವ ಸದ್ದು ಹೊಸದಲ್ಲ.

ಈ ವರ್ಷ ನನ್ನ ದೊಡ್ಡ ಮಗಳೂ ಬಾಣಂತನಕ್ಕೆ ಬಂದಿದ್ದಳು. ಮೇಲೆ ಮರದಲ್ಲಿ ಅವುಗಳ ಬಾಣಂತನ, ಕೆಳಗೆ ಮನೆಯಲ್ಲಿ ಇವಳದು. ಒಂದು ಮಧ್ಯಾಹ್ನ ಕೂಸಿಗೆ ಎಣ್ಣೆ ಹಚ್ಚುತ್ತಿದ್ದೆ. ಹಿತ್ತಿಲಿನಲ್ಲಿ ದಪ್ಪನೆ ಸದ್ದು. ಓಡಿಹೋಗಿ ನೋಡಿದರೆ ಹೆಜ್ಜಾರ್ಲೆ ಮರಿಯೊಂದು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಬಿದ್ದಿತ್ತು. ನೀರು ಬಿಡುವುದರೊಳಗೆ ಹೋಯಿತು. ಬಾಗಿಲಲ್ಲಿ ನಿಂತಿದ್ದ ಮಗಳು ಕಣ್ಣೊರೆಸಿಕೊಂಡಳು. "ಬಾಣ್ತಿ ಇದನ್ನೆಲ್ಲಾ ನೋಡ್ಬಾರ್ದು, ಒಳಿಕ್ಕೆ ಹೋಗವ್ವ" ಅಂತ ನಮ್ಮತ್ತೆ ಗದರಿದರು.

ಮೂರು ದಿನ ಕಳೆಯಿತು. ಅದೇ ಮರ, ಅದೇ ಕೊಂಬೆ. ಮತ್ತೊಂದು ಮರಿ ಬಿತ್ತು. ಆದರೆ ಹಿಂದಿನ ದಿನ ಹಸುವಿಗೆಂದು ತರಿಸಿದ ನೆಲ್ಲುಹುಲ್ಲನ್ನು ನಮ್ಮ ಯಜಮಾನರು ಮರದಡಿಯಲ್ಲೇ ರಾಶಿ ಹಾಕಿಸಿದ್ದರು. ಮರಿ ಆ ಹುಲ್ಲಿನೊಳಗೆ ಹುದುಗಿಕೊಂಡು, ಅಷ್ಟುದ್ದ ಕೊಕ್ಕು ತೆರೆದು ನನ್ನನ್ನೇ ಬೈಯುವಂತೆ ಕಿರುಚುತ್ತಿತ್ತು! ಬಳಗದ ಹುಡುಗರು ಬಂದು ಎತ್ತಿಕೊಂಡು ಹೋದರು.

ಒಂದೇ ಎತ್ತರ, ಹೆಚ್ಚುಕಡಿಮೆ ಒಂದೇ ತೂಕ. ಒಂದು ಸತ್ತಿತು, ಒಂದು ಬದುಕಿತು. "ಅದರದರ ಹಣೆಬರಹ" ಅಂದರು ಅತ್ತೆ. ನಾನೂ ಹಾಗೇ ಅಂದುಕೊಂಡು ಸುಮ್ಮನಾಗುತ್ತಿದ್ದೆ. ಆದರೆ ಆ ರಾತ್ರಿ ಮುದ್ದೆ ತೊಳೆಸುತ್ತಿದ್ದಾಗ, ಒಂಬತ್ತನೆಯ ತರಗತಿಯ ನನ್ನ ಮಗ ಒಲೆಯ ಪಕ್ಕದಲ್ಲಿ ಕುಳಿತು ಗಟ್ಟಿಯಾಗಿ ಪಾಠ ಓದುತ್ತಿದ್ದ. "ಸಂವೇಗ, ಸಂವೇಗ" ಎಂದು ಹತ್ತು ಸಲ ಕೇಳಿಸಿತು. "ಹಂಗಂದ್ರೇನ್ಲಾ ಮಗ?" ಎಂದೆ. "ದ್ರವ್ಯರಾಶಿ ಮತ್ತು ವೇಗಗಳ ಗುಣಲಬ್ಧ" ಎಂದು ಉರು ಹೊಡೆದ. ಅರ್ಥ ಕೇಳಿದರೆ ತಲೆ ಕೆರೆದುಕೊಂಡ. ಪುಸ್ತಕ ಕಸಿದುಕೊಂಡು ನಾನೇ ಕುಳಿತೆ. ಎಸ್ಸೆಸ್ಸೆಲ್ಸಿ ಪಾಸಾದವಳು, ಅಷ್ಟಾದರೂ ಅರ್ಥವಾಗದೆ ಇರುತ್ತದೆಯೇ?

ಕೇಳಿ, ವಿಷಯ ಬಹಳ ಸರಳ. ನಮ್ಮ ಮಂಡ್ಯದ ಕಡೆ ಕಬ್ಬು ಹೇರಿಕೊಂಡ ಟ್ರ್ಯಾಕ್ಟರು ದಿನಾ ಓಡಾಡುತ್ತವೆ. ಅದರ ಪಕ್ಕದಲ್ಲೇ ಅಷ್ಟೇ ವೇಗದಲ್ಲಿ ಒಬ್ಬ ಹುಡುಗ ಸೈಕಲ್ಲಿನಲ್ಲಿ ಬರುತ್ತಿದ್ದಾನೆ ಎನ್ನಿ. ಸೈಕಲ್ಲನ್ನು ಕೈ ಅಡ್ಡ ಕೊಟ್ಟಾದರೂ ನಿಲ್ಲಿಸಬಹುದು. ಟ್ರ್ಯಾಕ್ಟರಿಗೆ ಅಡ್ಡ ಹೋಗುತ್ತೀರಾ? ವೇಗ ಒಂದೇ, ಭಾರ ಬೇರೆ. ಹಾಗೆಯೇ ಮೇಲಿಂದ ಮೆಲ್ಲಗೆ ಇಳಿಸಿದ ತೆಂಗಿನಕಾಯಿಯನ್ನು ಕೈಯಲ್ಲಿ ತೆಗೆದುಕೊಳ್ಳುತ್ತೀರಿ. ಅದೇ ಕಾಯಿ ಮರದಿಂದ ಬಿದ್ದರೆ ದೂರ ಓಡುತ್ತೀರಿ. ಭಾರ ಒಂದೇ, ವೇಗ ಬೇರೆ. ಈ ಭಾರ, ವೇಗ ಎರಡನ್ನೂ ಗುಣಿಸಿದರೆ ಬರುವುದೇ ಸಂವೇಗ. ಓಡುತ್ತಿರುವ ವಸ್ತುವಿನಲ್ಲಿ ತುಂಬಿಕೊಂಡಿರುವ ಓಟ ಎನ್ನಿ. ಭಾರಕ್ಕೆ ಪುಸ್ತಕದಲ್ಲಿ ದ್ರವ್ಯರಾಶಿ ಎನ್ನುತ್ತಾರೆ. ಅಂಗಡಿಯಲ್ಲಿ ಕೆ.ಜಿ. ಲೆಕ್ಕದಲ್ಲಿ ತೂಗಿ ಕೊಡುತ್ತಾರಲ್ಲ, ಅದೇ. 1687ರಲ್ಲಿ ನ್ಯೂಟನ್ ಎಂಬ ಇಂಗ್ಲೆಂಡಿನ ಪಂಡಿತರು ಬರೆದ ಗ್ರಂಥದಲ್ಲೇ ಇದರ ನಿಯಮ ಇದೆಯಂತೆ.

ಆ ನಿಯಮ ಹೇಳುವುದು ಇಷ್ಟೇ. ಈ ಓಟ ತಾನಾಗಿ ಮಾಯವಾಗುವುದಿಲ್ಲ. ನಿಲ್ಲಿಸಬೇಕಾದರೆ ಏನಾದರೂ ಎದುರು ಒತ್ತಬೇಕು. ಸ್ವಲ್ಪಸ್ವಲ್ಪವಾಗಿ, ಹೆಚ್ಚು ಹೊತ್ತು ಒತ್ತಿ ನಿಲ್ಲಿಸಬಹುದು. ಇಲ್ಲವೇ ಕ್ಷಣದಲ್ಲಿ ಬಲವಾಗಿ ಒತ್ತಿ ನಿಲ್ಲಿಸಬಹುದು. ನಿಲ್ಲಿಸುವ ಹೊತ್ತು ಹತ್ತರಷ್ಟು ಹೆಚ್ಚಾದರೆ ಬೀಳುವ ಪೆಟ್ಟು ಹತ್ತನೇ ಒಂದು ಪಾಲಾಗುತ್ತದೆ.

ನಮ್ಮ ಮರಿಗಳ ಲೆಕ್ಕವನ್ನೇ ಹಾಕೋಣ. ಸುಲಭವಾಗಲಿ ಎಂದು ಮರಿಯ ತೂಕ 1 ಕೆ.ಜಿ., ಕೊಂಬೆಯ ಎತ್ತರ 5 ಮೀಟರ್ ಎಂದು ಇಟ್ಟುಕೊಳ್ಳಿ. ನೆಲ ಮುಟ್ಟುವಾಗ ಅದರ ವೇಗ ಸೆಕೆಂಡಿಗೆ ಸುಮಾರು 10 ಮೀಟರ್, ಅಂದರೆ ಗಂಟೆಗೆ 36 ಕಿ.ಮೀ. ಸಂವೇಗ ಒಂದು ಹತ್ತಲೆ ಹತ್ತು. ಒಗೆಯುವ ಕಲ್ಲು ಜಗ್ಗುವುದಿಲ್ಲ. ಅದರ ಮೇಲೆ ಬಿದ್ದದ್ದು ಸೆಕೆಂಡಿನ ನೂರರಲ್ಲೊಂದು ಪಾಲಿನಲ್ಲಿ ನಿಂತೇಬಿಡುತ್ತದೆ. ಹತ್ತನ್ನು ಆ ನೂರರಲ್ಲೊಂದರಿಂದ ಭಾಗಿಸಿದರೆ 1000 ನ್ಯೂಟನ್ ಬಲ. ನ್ಯೂಟನ್ ಎಂದರೆ ಹೆದರಬೇಡಿ. ಅಂಗೈ ಮೇಲೆ 100 ಗ್ರಾಂ ಕಡಲೆಬೇಳೆ ಇಟ್ಟುಕೊಂಡರೆ ಅದು ಒತ್ತುವುದೇ ಸುಮಾರು ಒಂದು ನ್ಯೂಟನ್. ಹಾಗಾದರೆ ಆ ಪುಟ್ಟ ಮರಿಯ ಮೇಲೆ ಬಿದ್ದದ್ದು ಸುಮಾರು 100 ಕೆ.ಜಿ. ಹೇರಿದಷ್ಟು! ಹುಲ್ಲಿನ ರಾಶಿಯೋ ಮೊಳದುದ್ದ ಒಳಕ್ಕೆ ಕುಸಿಯುತ್ತಾ ಕುಸಿಯುತ್ತಾ ನಿಲ್ಲಿಸಿತು. ಅದಕ್ಕೆ ಸೆಕೆಂಡಿನ ಹತ್ತರಲ್ಲೊಂದು ಪಾಲು ಹಿಡಿಯಿತೆನ್ನಿ. ಬಿದ್ದದ್ದು ಸುಮಾರು 10 ಕೆ.ಜಿ.ಯಷ್ಟು ಮಾತ್ರ. ಎರಡು ಮರಿಗಳೂ ನಿಂತವು. ನಿಲ್ಲುವುದಕ್ಕೆ ಸಿಕ್ಕಿದ ಹೊತ್ತೇ ಬೇರೆ. ಹಣೆಬರಹ ಬರೆದದ್ದು ಒಂದು ಹೊರೆ ಹುಲ್ಲು.

ಆಮೇಲೆ ಮನೆಯಲ್ಲಿ ಎಲ್ಲಿ ನೋಡಿದರೂ ಇದೇ ಕಾಣತೊಡಗಿತು. ತೆಂಗಿನಕಾಯಿ ಒಡೆಯಲು ಕಲ್ಲಿಗೆ ಹೊಡೆಯುತ್ತೇವೆ, ದಿಂಬಿಗೆ ಹೊಡೆಯುವವರುಂಟೇ? ಅಲ್ಲಿ ನಮಗೆ ಬೇಕಾದದ್ದೇ ಜೋರು ಪೆಟ್ಟು. ಹಂಚು ಹೊದಿಸುವ ಆಳುಗಳು ಕೆಳಗಿಂದ ಎಸೆದ ಹಂಚನ್ನು ಹಿಡಿಯುವಾಗ ಕೈಯನ್ನು ಹಿಂದಕ್ಕೆ ಎಳೆದುಕೊಳ್ಳುತ್ತಲೇ ಹಿಡಿಯುತ್ತಾರೆ. ಅವರು ಯಾವ ಪಾಠ ಓದಿದ್ದರು? ಕೈಗೇ ಗೊತ್ತು.

ನೀವೂ ಮಾಡಿ ನೋಡಿ. ಒಂದು ಹಳೆಯ ಬೆಡ್‌ಶೀಟನ್ನು ಮಕ್ಕಳಿಬ್ಬರ ಕೈಗೆ ಕೊಟ್ಟು, ಪರದೆಯಂತೆ ಸಡಿಲವಾಗಿ ಇಳಿಬಿಟ್ಟು ಹಿಡಿಯಲು ಹೇಳಿ. ಕೆಳ ಅಂಚನ್ನು ಜೋಳಿಗೆಯ ಹಾಗೆ ಮಡಿಸಿ ಹಿಡಿಯಲಿ. ಒಂದು ಹಸಿ ಮೊಟ್ಟೆಯನ್ನು ಅದರ ನಡುವಿಗೆ ಜೋರಾಗಿ ಎಸೆಯಿರಿ. ಒಡೆಯುವುದಿಲ್ಲ! ಅದೇ ಮೊಟ್ಟೆ ಗೋಡೆಗೆ ಬಿದ್ದರೆ ಏನಾಗುತ್ತದೆಂದು ನಾನು ಹೇಳಬೇಕಿಲ್ಲ. ಮೊಟ್ಟೆ ತರದ ಮನೆಯವರು ಕಳಿತ ಟೊಮೆಟೊ ಎಸೆದು ನೋಡಿ.

ಇಲ್ಲಿಯವರೆಗೆ ಇದು ತಮಾಷೆಯ ವಿಷಯವಾಗಿತ್ತು. ಮುಂದಿನದು ಹಾಗಲ್ಲ.

ಕೂಸಿಗೆ ಮೂರು ತಿಂಗಳು ತುಂಬಿತು. ಅಂಗನವಾಡಿಯಲ್ಲಿ ತೂಗಿಸಿದಾಗ 6 ಕೆ.ಜಿ. ಇತ್ತು. ಅಳಿಯಂದಿರು ಮೈಸೂರಿನಿಂದ ಸ್ನೇಹಿತರ ಕಾರು ತೆಗೆದುಕೊಂಡು ಕರೆದೊಯ್ಯಲು ಬಂದರು. ಮಡಿಲು ತುಂಬಿಸಿದ್ದಾಯಿತು. ದೃಷ್ಟಿ ತೆಗೆದದ್ದಾಯಿತು. ಮಗಳು ಕೂಸನ್ನು ಎತ್ತಿಕೊಂಡು ಮುಂದಿನ ಸೀಟಿನಲ್ಲಿ ಕುಳಿತು, ಮಡಿಲಲ್ಲಿ ಮಲಗಿಸಿಕೊಂಡಳು. ಬೆಲ್ಟು ಹಾಕಿಕೊಳ್ಳಲಿಲ್ಲ. "ಮಗುಗೆ ಒತ್ತುತ್ತೆ, ನಾನು ಗಟ್ಟಿಯಾಗಿ ಹಿಡ್ಕೋತೀನಿ ಬಿಡಮ್ಮ" ಎಂದಳು.

ನನಗೆ ಒಗೆಯುವ ಕಲ್ಲು ಕಣ್ಣ ಮುಂದೆ ಬಂತು. ಕಾರಿನ ಬಾಗಿಲು ಹಿಡಿದು ನಿಂತುಬಿಟ್ಟೆ.

ನಮ್ಮ ಹಳ್ಳಿಯ ರಸ್ತೆ ಮುಗಿದು ರುದ್ರಾಕ್ಷಿಪುರದಲ್ಲಿ ದೊಡ್ಡ ರಸ್ತೆ ಸೇರಿದರೆ ಕಾರುಗಳು ಹೇಗೆ ಓಡುತ್ತವೆಂದು ಬಲ್ಲಿರಿ. 2023ರಲ್ಲಿ ಬೆಂಗಳೂರು ಮೈಸೂರು ಹೊಸ ಹೆದ್ದಾರಿ ಉದ್ಘಾಟನೆಯಾದ ಮೇಲಂತೂ ಕೇಳುವುದೇ ಬೇಡ. ಗಂಟೆಗೆ ಬರೀ 36 ಕಿ.ಮೀ. ವೇಗದಲ್ಲಿ ಹೋಗುವಾಗ ಕಾರು ಏನಕ್ಕಾದರೂ ಗುದ್ದಿ ನಿಂತಿತೆನ್ನಿ. ಕಾರು ನಿಂತರೂ ಕೂಸಿನ ಓಟ ನಿಲ್ಲುವುದಿಲ್ಲ. ಆರು ಹತ್ತಲೆ ಅರವತ್ತು. ಅದನ್ನು ಸೆಕೆಂಡಿನ ಹತ್ತರಲ್ಲೊಂದು ಪಾಲಿನಲ್ಲಿ ನಿಲ್ಲಿಸಬೇಕಾದರೆ ತಾಯಿಯ ಎರಡು ಕೈಗಳು 60 ಕೆ.ಜಿ. ಭಾರವನ್ನು ತಡೆಯಬೇಕು. ಮೂಟೆ ಅಕ್ಕಿಗಿಂತ ಹೆಚ್ಚು! 100 ಕಿ.ಮೀ. ವೇಗದಲ್ಲಾದರೆ ಸುಮಾರು 170 ಕೆ.ಜಿ. ಯಾವ ತಾಯಿಯ ಕೈಗೆ ಆ ಶಕ್ತಿ ಇದೆ? ಸಾಲದ್ದಕ್ಕೆ ಬೆಲ್ಟು ಹಾಕದ ತಾಯಿಯೂ ಅದೇ ವೇಗದಲ್ಲಿ ಮುಂದಕ್ಕೆ ನುಗ್ಗುತ್ತಾಳೆ. ನಡುವೆ ಸಿಕ್ಕುವುದು ಕೂಸು. ಕಾಪಾಡಬೇಕಾದ ಅವಳ ಮೈಯೇ ಅದಕ್ಕೆ ಒಗೆಯುವ ಕಲ್ಲಾಗುತ್ತದೆ.

ಇದನ್ನು ಅಲ್ಲಿ ಹೇಗೆ ಹೇಳುವುದು? ಮಂಗಳದ ಹೊತ್ತು, ಅಳಿಯಂದಿರು ಎದುರಿಗಿದ್ದಾರೆ, ನಿಮಿತ್ತ ನೋಡಿ ಹೊರಟಿದ್ದಾರೆ. ಆದರೂ ಹೇಳಿದೆ. ಅತ್ತೆಗೆ ಸಿಟ್ಟು ಬಂತು. "ವೊಂಟಿರೋ ಹೊತ್ನಲ್ಲಿ ಅಪಸಕುನ ಮಾತಾಡ್ತೀಯಲ್ಲ! ನಾನೇನು ನಿನ್ ಗಂಡನ್ನ ಮಡ್ಲಲ್ಲಿ ಹಾಕ್ಕೊಂಡು ಮದ್ದೂರಿಂದ ಗಾಡೀಲಿ ಬರ್ನಿಲ್ವ? ಕೈ ಬುಟ್ಟುಬುಟ್ನ?" ಎಂದರು.

ನೋಡಿ, ಅತ್ತೆಯವರ ಮಾತಿನಲ್ಲೂ ಸುಳ್ಳಿಲ್ಲ. ಅವರು ಬಂದದ್ದು ಎತ್ತಿನ ಗಾಡಿಯಲ್ಲಿ. ಅದು ಗಂಟೆಗೆ ನಾಲ್ಕು ಕಿ.ಮೀ. ಹೋದರೆ ಹೆಚ್ಚು. ಸೆಕೆಂಡಿಗೆ ಒಂದು ಮೀಟರು. ಆ ಲೆಕ್ಕಕ್ಕೆ ಕೂಸನ್ನು ತಡೆಯಲು ಆರೇಳು ಕೆ.ಜಿ. ಎತ್ತುವ ಶಕ್ತಿ ಸಾಕು. ಅದು ಯಾವ ತಾಯಿಗೆ ಇಲ್ಲ? ಅವರ ಕಾಲದಲ್ಲಿ ತಾಯಿಯ ಕೈ ಸಾಕಾಗಿತ್ತು. ನಮ್ಮ ಕೈ ಅವರದಕ್ಕಿಂತ ಸೋತಿಲ್ಲ. ಗಾಡಿ ಇಪ್ಪತ್ತೈದರಷ್ಟು ವೇಗವಾಗಿದೆ, ಅಷ್ಟೇ. ಹಾಗೆಂದೇ ಹೇಳಿದೆ. ಅತ್ತೆ ಮುಖ ತಿರುಗಿಸಿದರೂ ಮತ್ತೆ ಎದುರಾಡಲಿಲ್ಲ.

ಕೊನೆಗೆ ನಮ್ಮ ಯಜಮಾನರು ದಾರಿ ತೋರಿಸಿದರು. "ಬಸ್ಸಲ್ಲಿ ನಾನೇ ಬಿಟ್ಟು ಬತ್ತೀನಿ. ಅಳಿಯಂದಿರು ಕಾರಲ್ಲಿ ಸಾಮಾನು ತರ್ಲಿ" ಅಂದರು. ಅವರಿಗೆ ತಿಳಿದೋ ತಿಳಿಯದೆಯೋ, ಅದರಲ್ಲೂ ಈ ಸಂವೇಗದ ಪಾಠವೇ ಇತ್ತು. ಮಕ್ಕಳು ಗೋಲಿ ಆಡುವುದನ್ನು ನೋಡಿದ್ದೀರಲ್ಲ? ಓಡಿ ಬಂದ ಗೋಲಿ ಇನ್ನೊಂದಕ್ಕೆ ನೇರವಾಗಿ ತಾಗಿ ತಾನು ನಿಲ್ಲುತ್ತದೆ, ಎದುರಿನದು ಓಡುತ್ತದೆ. ಓಟ ಇದರಿಂದ ಅದಕ್ಕೆ ದಾಟಿತು. ಒಬ್ಬರು ಕಳೆದುಕೊಂಡದ್ದನ್ನು ಇನ್ನೊಬ್ಬರು ಪಡೆದರು, ಒಟ್ಟು ಲೆಕ್ಕ ಹಾಗೇ ಉಳಿಯಿತು. ಎರಡು ಗಾಡಿ ಗುದ್ದಿಕೊಂಡಾಗಲೂ ಹೀಗೆಯೇ ಓಟ ಸರಿಸಮವಾಗಿ ಕೈ ಬದಲಾಯಿಸುತ್ತದೆ. ಆದರೆ ಅಷ್ಟೇ ಓಟ ದೊಡ್ಡ ಬಸ್ಸಿನ ವೇಗವನ್ನು ಸ್ವಲ್ಪ ಬದಲಿಸಿದರೆ, ಸಣ್ಣ ಗಾಡಿಯ ವೇಗವನ್ನು ಬಹಳ ಬದಲಿಸುತ್ತದೆ. ಬೈಕಿನವರಿಗೆ ಹೆಚ್ಚು ಪೆಟ್ಟಾಗುವುದು ಇದರಿಂದ. ಅವರ ಸುತ್ತ ಜಗ್ಗುವ ತಗಡು ಕೂಡ ಇಲ್ಲ.

ಅಂತೂ ಮಗಳು, ಕೂಸು, ನಮ್ಮವರು ಬಸ್ಸಿನಲ್ಲಿ. ಅಳಿಯಂದಿರು ಕಾರಿನಲ್ಲಿ, ಪಕ್ಕದ ಸೀಟಿನಲ್ಲಿ ಚಕ್ಕುಲಿ ಡಬ್ಬ, ಹಿಂದೆ ತೊಟ್ಟಿಲು. ಬೀದಿಯವರೆಲ್ಲಾ ನಿಂತು ನೋಡಿದರು. ಮಗಳು ಎರಡು ವಾರ ಫೋನಿನಲ್ಲಿ "ಹೂಂ, ಉಹೂಂ" ಬಿಟ್ಟು ಬೇರೆ ಮಾತಾಡಲಿಲ್ಲ. ನನಗೂ ಊಟ ಸೇರಲಿಲ್ಲ. ಏನೂ ಆಗದೆ ಹೋಗುವ ದಿನಗಳೇ ಹೆಚ್ಚು. ಎಚ್ಚರಿಕೆ ಹೇಳಿದವಳು ಅಂಥ ದಿನ ಕೆಟ್ಟವಳಾಗುತ್ತಾಳೆ. ಮೂರನೇ ವಾರ ಅಳಿಯಂದಿರೇ ಫೋಟೋ ಕಳಿಸಿದರು. ಕಾರಿನ ಹಿಂದಿನ ಸೀಟಿನಲ್ಲಿ ಮಕ್ಕಳ ಸೀಟು, ಅದರಲ್ಲಿ ಬೆನ್ನು ಮುಂದಾಗಿ ಕುಳಿತ ನನ್ನ ಮೊಮ್ಮಗಳು. ಕೆಳಗೆ "ಹುಲ್ಲಿನ ರಾಶಿ ತಂದಿದ್ದೇವೆ ಅತ್ತೆ" ಎಂದು ಬರೆದಿದ್ದರು. ಅದನ್ನು ಎಷ್ಟು ಸಲ ನೋಡಿದೆನೋ!

ಸೀಟ್ ಬೆಲ್ಟು, ಮಕ್ಕಳ ಸೀಟು, ಹೆಲ್ಮೆಟ್ಟು ಇವೆಲ್ಲಾ ಹುಲ್ಲಿನ ರಾಶಿಯೇ. ಭುಜದಿಂದ ಸೊಂಟಕ್ಕೆ ಬರುವ ಈಗಿನ ಬೆಲ್ಟನ್ನು 1959ರಲ್ಲಿ ಸ್ವೀಡನ್ನಿನ ನಿಲ್ಸ್ ಬೋಲಿನ್ ಎಂಬ ಎಂಜಿನಿಯರು ರೂಪಿಸಿದರು. ಅದು ಸ್ವಲ್ಪ ಜಗ್ಗುತ್ತಾ, ಗಟ್ಟಿ ಮೂಳೆಗಳ ಮೇಲೆ ಪೆಟ್ಟನ್ನು ಹಂಚುತ್ತಾ ನಿಲ್ಲಿಸುತ್ತದೆ. ಹೆಲ್ಮೆಟ್ಟಿನೊಳಗಿನ ಥರ್ಮಕೋಲು ತಾನು ನುಜ್ಜಾಗಿ ತಲೆಗೆ ನಿಲ್ಲಲು ಹೊತ್ತು ಕೊಡುತ್ತದೆ. ಒಳಗೆ ಥರ್ಮಕೋಲಿಲ್ಲದ ಬರೀ ಟೋಪಿ ಪೊಲೀಸರಿಗೆ ತೋರಿಸಲಷ್ಟೇ ಸರಿ.

ಕೊನೆಯಲ್ಲಿ, ಕತ್ತರಿಸಿ ಇಟ್ಟುಕೊಳ್ಳಲು ನಾಲ್ಕು ಮಾತು:

● ಕಾರಿನಲ್ಲಿ ಮಗುವನ್ನು ಮುಂದಿನ ಸೀಟಿನಲ್ಲಿ ಮಡಿಲಿಗೆ ಹಾಕಿಕೊಳ್ಳಬೇಡಿ. ತಾಯಿ ಮಗು ಇಬ್ಬರಿಗೂ ಸೇರಿಸಿ ಒಂದೇ ಬೆಲ್ಟು ಬಿಗಿಯುವುದೂ ಅಪಾಯ. ಮಗು ನಡುವೆ ಅಪ್ಪಚ್ಚಿಯಾಗುತ್ತದೆ.

● ಎಳೆ ಕೂಸಿನ ಸೀಟು ಹಿಂದಿನ ಸೀಟಿನ ಮೇಲೆ, ಕೂಸಿನ ಬೆನ್ನು ಕಾರಿನ ಮುಂಭಾಗಕ್ಕೆ ಬರುವಂತೆ ಇರಲಿ. ಆಗ ಪೆಟ್ಟು ಎಳೆಯ ಕತ್ತಿಗೆ ಬೀಳದೆ ಇಡೀ ಬೆನ್ನಿಗೆ ಹಂಚಿಹೋಗುತ್ತದೆ. ಬೇರೆಯವರು ಬಳಸಿದ್ದನ್ನು ಕೊಳ್ಳುವುದಾದರೆ ಅಪಘಾತ ಕಂಡ ಸೀಟು ಬೇಡ. 14 ವರ್ಷದೊಳಗಿನ ಮಕ್ಕಳಿಗೆ ಬೆಲ್ಟು ಅಥವಾ ಮಕ್ಕಳ ಸೀಟು ಇರಲೇಬೇಕೆಂದು 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆಯೂ ಹೇಳುತ್ತದೆ.

● ಸ್ಕೂಟರಿನಲ್ಲಿ ಹಿಂದೆ ಕುಳಿತರೂ ಹೆಲ್ಮೆಟ್ಟು ಹಾಕಿ, ಗಲ್ಲದ ಪಟ್ಟಿ ಬಿಗಿಯಿರಿ. ಮುಡಿದ ಹೂವು ಬಾಡುತ್ತದೆಂದು ತಲೆಯನ್ನು ಬಾಡಿಸಬೇಡಿ.

● ಇದಾವುದೂ ಇಲ್ಲದ ದಿನ ಬಸ್ಸು ಹಿಡಿಯಿರಿ. ಅದೂ ಇಲ್ಲದಿದ್ದರೆ ಓಡಿಸುವವರ ಪಕ್ಕದಲ್ಲಿ "ನಿಧಾನ" ಎನ್ನಲು ನಾಚಬೇಡಿ. ವೇಗ ಅರ್ಧವಾದರೆ ಸಂವೇಗವೂ ಅರ್ಧ. ಇದಕ್ಕೆ ಕಾಸು ಖರ್ಚಿಲ್ಲ.

ನಿಮಗೊಂದು ಕೆಲಸ ಹಚ್ಚುತ್ತೇನೆ ಎಂದಿದ್ದೆನಲ್ಲ? ಈ ಹದಿನೈದು ದಿನದಲ್ಲಿ ನಿಮ್ಮ ಮನೆಯಿಂದ ಗಾಡಿ ಹತ್ತಿ ಹೊರಡುವ ಯಾರಿಗಾದರೂ ಒಬ್ಬರಿಗೆ, ಮುನಿಸಿಕೊಂಡರೂ ಸರಿ, ಈ ಮಾತು ಹೇಳಿ. ಅವರು ಏನೆಂದರು ಎಂದು ನನಗೆ ಬರೆಯಿರಿ. ನಮ್ಮ ಹಿತ್ತಿಲಿನ ಹುಲ್ಲಿನ ವಿಷಯ ಕೇಳಿದಿರಾ? ಹಸು ಅರ್ಧ ತಿಂದು ಮುಗಿಸಿದೆ. ಆದರೆ ಮರದಡಿಯಿಂದ ರಾಶಿ ಎತ್ತಲು ಮಾತ್ರ ನಮ್ಮತ್ತೆ ಬಿಡುತ್ತಿಲ್ಲ. "ಇರ್ಲಿ ಬುಡು, ಇನ್ನೂ ಎರಡು ಗೂಡು ಅವೆ" ಅನ್ನುತ್ತಾರೆ.